1381ರ ಇಂಗ್ಲೆಂಡಿನ ದಂಗೆ: ಎದ್ದವರು ಬರೀ ಬಡ ರೈತರೇನಾ?

ಹಳೇಕಡತ:

ಎಲ್ಲರಿಗೂ ನಮಸ್ಕಾರ. ಮೊನ್ನೆ ಮೊಮ್ಮಗಳಿಗೆ ಇತಿಹಾಸ ಓದಿಸುತ್ತಿದ್ದೆ. ಪುಸ್ತಕದಲ್ಲಿ ಈ ದಂಗೆಗೆ ಸಿಕ್ಕಿದ್ದು ಒಂದೇ ಸಾಲು. ಬಡ ರೈತರು ತೆರಿಗೆ ತಾಳಲಾರದೆ ಎದ್ದರು, ಅಷ್ಟೇ. ಪಾಠ ಮುಂದಕ್ಕೆ ಹೋಯಿತು, ನನಗೆ ಮಾತ್ರ ಮನಸ್ಸು ತಡೆಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಂದಾಯದ ಕಡತ ನೋಡಿಕೊಂಡು ನಿವೃತ್ತನಾದವನು. ಈ ದಂಗೆಯ ಮೇಲೆ ಆಸಕ್ತಿ ಹುಟ್ಟಿದ್ದೂ ಅದರಿಂದಲೇ. ಯಾಕೆಂದರೆ ಎಸೆಕ್ಸ್, ಕೆಂಟ್, ಸಫೋಕ್ ಜಿಲ್ಲೆಗಳಲ್ಲಿ ಎದ್ದ ಜನ ಧಣಿಯ ಮನೆಗೆ ನುಗ್ಗಿದಾಗ ಮತ್ತೆ ಮತ್ತೆ ಹುಡುಕಿದ್ದು ಕಡತವನ್ನೇ. ಚರ್ಮದ ಹಾಳೆಗಳನ್ನು ಒಂದಕ್ಕೊಂದು ಹೊಲಿದು ಸುತ್ತಿಟ್ಟ ಸುರುಳಿಗಳು. ಯಾರು ಹುಟ್ಟಾ ಜೀತದೊಕ್ಕಲು, ಯಾರು ವಾರಕ್ಕೆ ಎಷ್ಟು ದಿನ ಧಣಿಯ ಹೊಲದಲ್ಲಿ ಬಿಟ್ಟಿ ದುಡಿಯಬೇಕು, ಮಗಳ ಮದುವೆಗೆ ಯಾರು ಎಷ್ಟು ಕಪ್ಪ ಕೊಟ್ಟರು, ಎಲ್ಲ ಅದರಲ್ಲಿತ್ತು. ಅದನ್ನು ಹೊರಗೆ ತಂದು ರಾಶಿ ಹಾಕಿ ಸುಟ್ಟರು. ಸರ್ಕಾರದ ಖಜಾನೆಯಿಂದ ಬರುವ ಹಸಿರು ಅರಗಿನ ಮುದ್ರೆಯ ಕಾಗದ ಕಂಡರಂತೂ ಬಿಡುತ್ತಿರಲಿಲ್ಲ.

ಈಗ ನನ್ನ ಪ್ರಶ್ನೆ. ಒಂದು ಕಚೇರಿಗೆ ನುಗ್ಗಿ ನೂರಾರು ಸುರುಳಿಗಳ ನಡುವೆ ಯಾವುದು ಸುಡಬೇಕಾದದ್ದು, ಯಾವುದು ಉಳಿಸಬೇಕಾದದ್ದು ಅಂತ ಯಾರಿಗೆ ಗೊತ್ತಿರುತ್ತದೆ? ಆ ಕಚೇರಿಯಲ್ಲಿ ನಿಂತು ಅಭ್ಯಾಸ ಇದ್ದವರಿಗೆ. ಅದೇ ಉತ್ತರ. ಕ್ರಿಸ್ಟೋಫರ್ ಡೈಯರ್ ಎಂಬ ಇತಿಹಾಸಕಾರರು ಎಸೆಕ್ಸ್, ಹರ್ಟ್‌ಫರ್ಡ್‌ಷೈರ್, ಕೆಂಟ್, ಸಫೋಕ್‌ಗಳ ದಂಗೆಕೋರರ ಹೆಸರುಗಳನ್ನು ಹಿಡಿದು, ಅಳಿದುಳಿದ ಊರಿನ ಕಡತಗಳಲ್ಲಿ ಒಬ್ಬೊಬ್ಬರನ್ನೇ ಹುಡುಕಿದರು. ಸಿಕ್ಕವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಊರಿನಲ್ಲಿ ಏನಾದರೊಂದು ಅಧಿಕಾರ ನೋಡಿಕೊಂಡವರು. ಧಣಿಯ ಪರವಾಗಿ ಬೆಳೆಯ ಲೆಕ್ಕ ಒಪ್ಪಿಸುವ ರೀವ್, ಊರ ಕಾನ್‌ಸ್ಟೆಬಲ್, ಪಂಚಾಯ್ತಿಯಲ್ಲಿ ಕೂರುವ ಜ್ಯೂರಿ, ಏಲ್ ಎಂಬ ಬಿಯರಿನ ರುಚಿ ಅಳತೆ ನೋಡುವವನು, ಇಂಥವರು. ಊರಲ್ಲಿ ನಾಲ್ಕು ಜನ ಮಾತು ಕೇಳುವಂಥ ಮನುಷ್ಯರು.

ಪುಸ್ತಕದಲ್ಲಿ ಕಾಣುವ ಹರಕು ಬಟ್ಟೆಯ ಗುಂಪು ಇವರಲ್ಲ. ನಿಮಗೇನನ್ನಿಸುತ್ತದೆ?

ಗದ್ದೆಬದು:

ಸರ್, ಚೆನ್ನಾಗಿ ಬರೆದಿದ್ದೀರಿ, ಆದರೆ ನನಗೆ ಒಂದು ಕಸಿವಿಸಿ. ಎಲ್ಲ ದೇಶದಲ್ಲೂ ಇದೇ ಆಗುತ್ತದೆ. ಬಡವರು ಎದ್ದರು ಅಂತ ಹೇಳಿದ ತಕ್ಷಣ ಯಾರೋ ಬಂದು ಇಲ್ಲ ಇಲ್ಲ, ಅವರಲ್ಲಿ ಮುಂದಾಳುಗಳು ಅನುಕೂಲಸ್ಥರೇ ಅನ್ನುತ್ತಾರೆ. ಕೊನೆಗೆ ಬಡವನ ಹೆಸರಿಗೆ ಇದ್ದ ಒಂದು ದಂಗೆಯೂ ಕೈತಪ್ಪಿ ಹೋಗುತ್ತದೆ. ನಮ್ಮಪ್ಪ ಇನ್ನೊಬ್ಬರ ಗದ್ದೆಯಲ್ಲಿ ದುಡಿದವರು. ನನಗೆ ಇದು ಸುಮ್ನೆ ವಾದದ ವಿಷಯ ಅಲ್ಲ. ಲಂಡನ್ನಿನ ಹೊರಗಿನ ಮೈಲ್ ಎಂಡ್ ಬಯಲಿನಲ್ಲಿ ರಾಜನ ಮುಂದೆ ಅವರು ಕೇಳಿದ್ದೇನು? ಜೀತ ತೆಗೆಯಿರಿ, ಭೂಮಿಗೆ ಎಕರೆಗೆ 4 ಪೆನ್ಸ್ ಗೇಣಿ ಸಾಕು ಮಾಡಿ, ಅಲ್ವಾ? ಅದು ರೈತನ ಬೇಡಿಕೆ ಅಲ್ಲದೆ ಮತ್ತೇನು?

ಕೆಂಟ್_ಕನ್ನಡಿಗ:

ನಾನು ಹದಿನಾಲ್ಕು ವರ್ಷದಿಂದ ಮೇಡ್‌ಸ್ಟೋನ್ ಹತ್ತಿರ ಇದ್ದೇನೆ. ಇಲ್ಲಿನ ಒಂದು ವಿಚಿತ್ರ ಹೇಳಲೇಬೇಕು. ದಂಗೆ ಅತಿ ಜೋರಾಗಿ ಎದ್ದ ಜಾಗಗಳಲ್ಲಿ ಕೆಂಟ್ ಒಂದು. ಆದರೆ ಕೆಂಟ್‌ನಲ್ಲಿ ಜೀತದೊಕ್ಕಲು ಹೆಚ್ಚುಕಡಿಮೆ ಇರಲೇ ಇಲ್ಲ. ಇಲ್ಲಿ ಗ್ಯಾವೆಲ್‌ಕೈಂಡ್ ಅಂತ ಬೇರೆಯೇ ಪದ್ಧತಿ. ಅಪ್ಪನ ಭೂಮಿ ಗಂಡುಮಕ್ಕಳಿಗೆಲ್ಲ ಸಮಪಾಲು, ಮಾರುವುದಕ್ಕೂ ಸ್ವಾತಂತ್ರ್ಯ. ಕೆಂಟ್‌ನಲ್ಲಿ ಹುಟ್ಟಿದವನು ಸ್ವತಂತ್ರ ಅಂತಲೇ ಲೆಕ್ಕ.

ಅಂಥ ಜಾಗದಲ್ಲಿ ಕಿಡಿ ಹೊತ್ತಿದ್ದು ಹೇಗೆ ಗೊತ್ತಾ? ವೃತ್ತಾಂತದಲ್ಲಿರುವ ಕಥೆ ಇದು. ಗ್ರೇವ್ಸೆಂಡ್‌ನಲ್ಲಿ ರಾಬರ್ಟ್ ಬೆಲ್ಲಿಂಗ್ ಅಂತ ಒಬ್ಬ ನೆಮ್ಮದಿಯಾಗಿದ್ದ. ರಾಜನಿಗೆ ಆಪ್ತನಾಗಿದ್ದ ಸೈಮನ್ ಬರ್ಲಿ ಎಂಬ ನೈಟ್‌ನ, ಅಂದರೆ ಮೇಲ್ವರ್ಗದ ಯೋಧನ, ಕಡೆಯವರು ಬಂದು ಇವನು ನಮ್ಮ ಜೀತದವನು, ಓಡಿ ಬಂದಿದ್ದಾನೆ ಅಂದರು. ಊರಿನವರು ರಾಜಿ ಮಾಡಿಸಲು ಹೋದರೆ 300 ಪೌಂಡ್ ಕೇಳಿದರು. ಆಗಿನ ಕಾಲಕ್ಕೆ ಅದು ಇಡೀ ಊರು ಮಾರಿದರೂ ಹುಟ್ಟದ ದುಡ್ಡು. ಅವನನ್ನು ರಾಚೆಸ್ಟರ್ ಕೋಟೆಗೆ ಹಾಕಿದರು. ಜೂನ್ 6ಕ್ಕೆ ಜನ ಕೋಟೆಗೇ ಮುತ್ತಿಗೆ ಹಾಕಿ ಬಿಡಿಸಿಕೊಂಡರು. ಇದರಲ್ಲಿ ನನಗೆ ಕಾಣುವುದು ಇದು: ಜೀತ ಇಲ್ಲದ ಊರಿನವರಿಗೆ ಜೀತದ ಹೆಸರು ಕೇಳಿದರೇ ಮೈ ಉರಿಯಿತು.

ಇನ್ನೊಂದು. ಇವರಲ್ಲಿ ಬಿಲ್ಲು ಹಿಡಿದು ಅಭ್ಯಾಸ ಇದ್ದವರು ಜಾಸ್ತಿ ಇದ್ದರು. ಫ್ರಾನ್ಸ್ ಜೊತೆ ಯುದ್ಧ ನಡೆದೇ ಇತ್ತು. 1377ರಲ್ಲಿ ಶತ್ರುಗಳ ಹಡಗು ಬಂದು ಪಕ್ಕದ ರೈ ಪಟ್ಟಣವನ್ನು ಸುಟ್ಟಿದ್ದವು, 1380ರಲ್ಲಿ ಗ್ರೇವ್ಸೆಂಡ್ ಉರಿಯಿತು. ಕರಾವಳಿಯ ಊರೂರಲ್ಲಿ ಗಂಡಸರನ್ನು ಕಾವಲಿಗೆ ಕರೆದು ಲೆಕ್ಕ ಹಿಡಿಯುವ ಪದ್ಧತಿ ಇತ್ತು. ದಂಗೆಗೆ ಜನ ಸೇರಿದ್ದೂ ಅದೇ ದಾರಿಯಲ್ಲಿ. ಸಮುದ್ರದಿಂದ 12 ಲೀಗ್ (ಒಂದು ಲೀಗ್ ಅಂದರೆ ಸುಮಾರು 3 ಮೈಲಿ) ಒಳಗೆ ಇರುವವರು ಯಾರೂ ನಮ್ಮ ಜೊತೆ ಬರಬೇಡಿ, ದಡ ಕಾಯಿರಿ ಅಂತ ದಂಗೆಯವರೇ ಅಪ್ಪಣೆ ಮಾಡಿದ್ದರು ಅಂತ ಅನೋನಿಮಾಲ್ ಎಂಬ ಆ ಕಾಲದ ವೃತ್ತಾಂತ ಹೇಳುತ್ತದೆ. ಲಂಡನ್ ಮೇಲೆ ಹೊರಟ ಹೊತ್ತಿನಲ್ಲೂ ಊರಿನ ಬೆನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವ ಯೋಚನೆ ಇತ್ತಲ್ಲ, ಅದನ್ನು ಓದಿದಾಗ ನನಗೆ ಎದೆ ತುಂಬಿ ಬಂತು.

ಹಳೇಕಡತ:

ಗದ್ದೆಬದು ಅವರೇ, ನಿಮ್ಮ ಮಾತು ನಾಟಿತು. ನಾನು ಅಧಿಕಾರ ಅಂದದ್ದಕ್ಕೆ ತಪ್ಪು ಚಿತ್ರ ಹೋಗಿರಬಹುದು, ಬಿಡಿಸಿ ಹೇಳುತ್ತೇನೆ.

ಆ ರೀವ್ ಅನ್ನುವವನು ಸಾಧಾರಣವಾಗಿ ಸ್ವತಃ ಜೀತದೊಕ್ಕಲೇ. ಅಲ್ಲಿ ಅಂಥವರಿಗೆ ‘ವಿಲನ್’ ಅನ್ನುತ್ತಿದ್ದರು. ನಾವು ಸಿನಿಮಾದಲ್ಲಿ ಕೆಟ್ಟವನಿಗೆ ಹೇಳುವ ವಿಲನ್ ಕೂಡ ಅದೇ ಪದದಿಂದ ಬಂದದ್ದು. ದೊಡ್ಡವರ ಬಾಯಲ್ಲಿ ಹಳ್ಳಿಯ ಒಕ್ಕಲು ಅನ್ನುವ ಪದವೇ ಕಾಲಾಂತರದಲ್ಲಿ ನೀಚ ಅನ್ನುವ ಬೈಗುಳವಾಯಿತು. ಈ ರೀವ್‌ಗೆ 30 ಎಕರೆ ಭೂಮಿ ಇರಬಹುದು, ಹಟ್ಟಿಯಲ್ಲಿ ದನ ಇರಬಹುದು. ಆದರೂ ಅವನು ಸತ್ತ ದಿನ ಧಣಿಯ ಕಡೆಯವರು ಬಂದು ಹಟ್ಟಿಯಲ್ಲಿರುವ ಅತ್ಯುತ್ತಮ ದನವನ್ನು ಹಗ್ಗ ಬಿಚ್ಚಿ ಹೊಡೆದುಕೊಂಡು ಹೋಗುವ ಹಕ್ಕಿತ್ತು. ಗಂಡನ ಹೆಣ ಮನೆಯಲ್ಲಿರುವಾಗಲೇ ಹೆಂಡತಿ ಅದನ್ನು ನೋಡಬೇಕು. ಸ್ವಲ್ಪ ಆಸ್ತಿ ಮಾಡಿಕೊಂಡವನಿಗೆ ಇದು ಇನ್ನೂ ಉರಿಯುತ್ತದೆ, ಕಳೆದುಕೊಳ್ಳಲು ಏನಾದರೂ ಇದೆ ನೋಡಿ.

ಅದಕ್ಕೂ ಹಿಂದೆ ಏನಾಗಿತ್ತು ನೆನೆಸಿಕೊಳ್ಳಿ. 1348-49ರ ಪ್ಲೇಗಿನಲ್ಲಿ ಮೂರರಲ್ಲಿ ಒಂದು ಪಾಲಿನಿಂದ ಅರ್ಧದಷ್ಟು ಜನ ಸತ್ತರು. ಕೆಲಸಕ್ಕೆ ಕೈ ಇಲ್ಲ, ಕೂಲಿ ಏರಲೇಬೇಕು. 1351ರಲ್ಲಿ ಕಾನೂನು ಮಾಡಿ ಕೂಲಿಯನ್ನು ಪ್ಲೇಗಿಗೆ ಮುಂಚಿನ ಮಟ್ಟಕ್ಕೇ ಕಟ್ಟಿಹಾಕಿದರು. ನುರಿತ ಬಡಗಿಗೆ ದಿನಕ್ಕೆ 3 ಪೆನ್ಸ್, ಜಾಸ್ತಿ ತೆಗೆದುಕೊಂಡರೆ ದಂಡ. ಆಮೇಲೆ 1380ರ ಕೊನೆಯಲ್ಲಿ ಮೂರನೇ ತಲೆಗಂದಾಯ ಬಂತು. 15 ವರ್ಷ ದಾಟಿದ ತಲೆಗೆ 12 ಪೆನ್ಸ್. ಕಾನೂನಿನ ಕೂಲಿಯಲ್ಲಿ ಆ ಬಡಗಿಗೆ ನಾಲ್ಕು ದಿನದ ದುಡಿಮೆ, ಹೆಂಡತಿಯದೂ ಸೇರಿದರೆ ಎಂಟು ದಿನ. ಊರಲ್ಲಿ ಶ್ರೀಮಂತ ಇದ್ದರೆ ಅವನು ಜಾಸ್ತಿ ಕೊಟ್ಟು ಬಡವನ ಪಾಲು ಇಳಿಸಬಹುದು ಅಂತ ಬರೆದಿತ್ತು. ಶ್ರೀಮಂತನೇ ಇಲ್ಲದ ಊರಿನಲ್ಲಿ ಬಡವ ಪೂರ್ತಿ ಕಟ್ಟಬೇಕು.

ಆಗ ನಡೆದದ್ದು ಕಂದಾಯದವನಾದ ನನಗೆ ಬಹಳ ಹತ್ತಿರದ್ದು. 1377ರ ಪಟ್ಟಿಗೂ 1381ರ ಪಟ್ಟಿಗೂ ತೆರಿಗೆ ಕಟ್ಟುವವರ ಸಂಖ್ಯೆ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಯಿತು. ಸುಮಾರು ನಾಲ್ಕೂವರೆ ಲಕ್ಷ ಜನ ಹಾಳೆಯಿಂದ ಮಾಯ. ಮದುವೆಯಾಗದ ಅಕ್ಕತಂಗಿಯರು, ವಿಧವೆ ತಾಯಂದಿರು, ಮನೆಯ ಆಳು ಹುಡುಗಿಯರು, ಇವರೆಲ್ಲ ಪಟ್ಟಿಯಲ್ಲಿಲ್ಲ. ಪಟ್ಟಿ ಬರೆಸುವವರು ಯಾರು? ಊರಿನ ಕಾನ್‌ಸ್ಟೆಬಲ್ ಮತ್ತು ಊರಿನ ಹಿರಿಯರೇ. ಅಂದರೆ ಬಿಲ್ಲು ಕೈಗೆ ಬರುವ ಮೊದಲೇ ದಂಗೆ ಪಟ್ಟಿಯಲ್ಲಿ ಶುರುವಾಗಿತ್ತು. ಮೇ 30ರಂದು ಎಸೆಕ್ಸ್‌ನ ಬ್ರೆಂಟ್‌ವುಡ್‌ಗೆ ಸರ್ಕಾರದ ಅಧಿಕಾರಿ ಜಾನ್ ಬ್ಯಾಂಪ್ಟನ್ ಬಂದು ಬಾಕಿ ಕೇಳಿದಾಗ ಫಾಬಿಂಗ್ ಊರಿನವರು, ಕಟ್ಟಿ ಆಗಿದೆ, ಇನ್ನು ಒಂದು ಪೆನ್ನಿ ಕೊಡಲ್ಲ ಅಂದರು. ಅವರ ಮುಂದೆ ನಿಂತವನು ಥಾಮಸ್ ಬೇಕರ್, ಭೂಮಿ ಇದ್ದವನು.

ಈಗ ನಿಮ್ಮ ಕಸಿವಿಸಿಗೆ ನೇರ ಉತ್ತರ. ದಂಗೆ ಮುಗಿದ ಮೇಲೆ ಸರ್ಕಾರ ದಂಗೆಕೋರರ ಆಸ್ತಿ ಜಪ್ತಿ ಮಾಡಿ ಬೆಲೆ ಕಟ್ಟಿತು. ಇಷ್ಟು ಹಸು, ಇಷ್ಟು ಗೋಧಿ, ಒಂದು ಹಿತ್ತಾಳೆ ಪಾತ್ರೆ ಅಂತ. ಇವತ್ತು ನಮಗೆ ಯಾರು ಏನಾಗಿದ್ದರು ಅಂತ ಗೊತ್ತಾಗುವುದು ಇಂಥ ಕಡತದಿಂದ. ಜಪ್ತಿ ಮಾಡಲು ಏನೂ ಇಲ್ಲದವನ ಹೆಸರು ಅಲ್ಲಿ ಬರುವುದೇ ಕಡಿಮೆ. ಕೂಲಿಯವನು, ಗುಡಿಸಲಿನವನು ಆ ಗುಂಪಿನಲ್ಲಿ ಖಂಡಿತ ಇದ್ದ, ಕಡತ ಅವನನ್ನು ಹಿಡಿದಿಡಲಿಲ್ಲ. ಆದ್ದರಿಂದ ಬಡವನ ಕೈಯಿಂದ ದಂಗೆಯನ್ನು ಕಿತ್ತುಕೊಳ್ಳುವುದು ನನ್ನ ಉದ್ದೇಶ ಅಲ್ಲವೇ ಅಲ್ಲ.

ಗದ್ದೆಬದು:

ಈಗ ಸರಿ ಹೋಯಿತು ಸರ್. ಆ ಅತ್ಯುತ್ತಮ ದನದ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಸಂಜೆಮಲ್ಲಿಗೆ:

ಇಷ್ಟು ಹೊತ್ತೂ ಗಂಡಸರ ಮಾತೇ ನಡೆದಿದೆ. ಪಟ್ಟಿಯಿಂದ ಮಾಯವಾದವರು ಹೆಂಗಸರು ಅಂತ ಹೇಳಿ ಹಾಗೇ ಮುಂದೆ ಹೋದಿರಿ! ಬೀದಿಯಲ್ಲಿ ಅವರು ಇರಲಿಲ್ಲವೇ? ತಲೆಗಂದಾಯ ಅಂದ ಮೇಲೆ ಹೆಂಗಸಿನ ತಲೆಗೂ ಅದೇ 12 ಪೆನ್ಸ್ ಅಲ್ವಾ?

ಮೇಷ್ಟ್ರು_ತಿಪಟೂರು:

ಇದ್ದರು ಮೇಡಂ. ಮೂವರ ಹೆಸರು ಹೇಳುತ್ತೇನೆ, ಮೂರೂ ದಾಖಲೆಯಲ್ಲಿರುವಂಥವು.

ಒಬ್ಬರು ಜೊಹಾನಾ ಫೆರೂರ್, ರಾಚೆಸ್ಟರ್‌ನ ಜಾನ್ ಫೆರೂರ್ ಎಂಬವನ ಹೆಂಡತಿ. ರಾಜನ ಚಿಕ್ಕಪ್ಪ ಜಾನ್ ಆಫ್ ಗಾಂಟ್‌ನ ಸಾವಾಯ್ ಅರಮನೆಯನ್ನು ಜೂನ್ 13ರಂದು ಸುಟ್ಟರಲ್ಲ, ಅಲ್ಲಿಗೆ ಕೆಂಟ್‌ನ ಗುಂಪನ್ನು ನಡೆಸಿಕೊಂಡು ಹೋದವಳು ಇವಳೇ ಅಂತ ಆರೋಪ. ಕೋರ್ಟಿನ ಬರಹ ಅವಳನ್ನು ಮುಖ್ಯ ನಾಯಕಿ ಅನ್ನುತ್ತದೆ. ಮರುದಿನ ಲಂಡನ್ ಟವರ್ ಎಂಬ ಕೋಟೆಯಿಂದ ಆರ್ಚ್‌ಬಿಷಪ್ ಸೈಮನ್ ಸಡ್‌ಬರಿಯನ್ನು ಎಳೆದು ತಂದು ತಲೆ ಕಡಿಸಿದ್ದರಲ್ಲೂ ಅವಳ ಹೆಸರಿದೆ. ಸಡ್‌ಬರಿ ಬರೀ ಧರ್ಮಗುರು ಆಗಿರಲಿಲ್ಲ, ರಾಜ್ಯದ ಚಾನ್ಸಲರ್ ಕೂಡ. ಜೊತೆಗೆ ಸತ್ತ ರಾಬರ್ಟ್ ಹೇಲ್ಸ್ ಖಜಾಂಚಿ. ಅಂದರೆ ತಲೆಗಂದಾಯದ ಹಿಂದಿದ್ದ ಇಬ್ಬರನ್ನು ಹುಡುಕಿ ಕೊಂದರು.

ಎರಡನೆಯವರು ಸಫೋಕ್‌ನ ಕ್ಯಾಥರೀನ್ ಗೇಮನ್. ದೇಶದ ಮುಖ್ಯ ನ್ಯಾಯಾಧೀಶ ಜಾನ್ ಕ್ಯಾವೆಂಡಿಷ್ ಲೇಕನ್‌ಹೀತ್ ಎಂಬಲ್ಲಿ ಪ್ರಾಣ ಉಳಿಸಿಕೊಳ್ಳಲು ಹೊಳೆಯ ಕಡೆ ಓಡಿದ. ದಡದಲ್ಲಿ ಒಂದೇ ದೋಣಿ. ಕ್ಯಾಥರೀನ್ ಅವನಿಗಿಂತ ಮೊದಲು ಅದನ್ನು ಮುಟ್ಟಿ ನೀರಿನ ನಡುವಿಗೆ ನೂಕಿಬಿಟ್ಟಳು. ಕೈಯಲ್ಲಿ ಒಂದು ಆಯುಧವೂ ಇಲ್ಲ. ಅಲ್ಲೇ ಅವನನ್ನು ಹಿಡಿದು ತಲೆ ತೆಗೆದರು.

ಮೂರನೆಯವರು ಕೇಂಬ್ರಿಡ್ಜ್‌ನ ಮುದುಕಿ ಮಾರ್ಜರಿ ಸ್ಟಾರ್. ವಿಶ್ವವಿದ್ಯಾಲಯದ ಕಾಗದಗಳನ್ನು ಮಾರುಕಟ್ಟೆಯಲ್ಲಿ ಸುಟ್ಟಾಗ ಆ ಬೂದಿಯನ್ನು ಗಾಳಿಗೆ ತೂರುತ್ತಾ, ಓದಿದವರ ವಿದ್ಯೆ ತೊಲಗಲಿ ಅಂತ ಕೂಗಿದಳಂತೆ. ನಾನು ಮೂವತ್ತು ವರ್ಷ ಪಾಠ ಹೇಳಿದವನು. ಆ ಮಾತು ಕೇಳಿದರೆ ಸಂಕಟವಾಗುತ್ತದೆ. ಆದರೆ ಅವಳಿಗೆ ವಿದ್ಯೆ ಅನ್ನುವುದು ಯಾವ ರೂಪದಲ್ಲಿ ಬಾಗಿಲಿಗೆ ಬಂದಿತ್ತು ಅಂತ ಯೋಚಿಸಿದಾಗ ಅವಳ ಮೇಲೆ ಸಿಟ್ಟು ಬರುವುದಿಲ್ಲ.

ಕೆಂಟ್_ಕನ್ನಡಿಗ:

ಸಡ್‌ಬರಿಯ ತಲೆಬುರುಡೆ ಇವತ್ತಿಗೂ ಸಫೋಕ್‌ನ ಸಡ್‌ಬರಿ ಪಟ್ಟಣದ ಸೇಂಟ್ ಗ್ರೆಗರಿ ಚರ್ಚಿನಲ್ಲಿದೆ, ದೇಹ ಕ್ಯಾಂಟರ್‌ಬರಿಯಲ್ಲಿ.

ಆದರೆ ನನಗೆ ಎಲ್ಲಕ್ಕಿಂತ ಹತ್ತಿರವಾದ ಜಾಗ ಸೇಂಟ್ ಆಲ್ಬನ್ಸ್. ಹೋದ ವರ್ಷ ಅಣ್ಣ ಊರಿನಿಂದ ಬಂದಾಗ ಕರೆದುಕೊಂಡು ಹೋಗಿದ್ದೆ. ದಂಗೆಯವರು ಹೋಗಿ ನಿಂತ ಮಠದ ಹೆಬ್ಬಾಗಿಲು ಹಾಗೇ ನಿಂತಿದೆ. ಆ ಊರಿನ ಯಜಮಾನ ಮಠವೇ. ಕಾಳು ಬೀಸಬೇಕಾದರೆ ಮಠದ ಗಿರಣಿಗೇ ಹೋಗಿ ದುಡ್ಡು ಕೊಡಬೇಕು. ಜನ ಮನೆಯಲ್ಲಿ ಬೀಸುವ ಕಲ್ಲು ಇಟ್ಟುಕೊಂಡಿದ್ದರು. 1331ರ ಸುಮಾರಿಗೆ ಮಠಾಧಿಪತಿ ಆ ಕಲ್ಲುಗಳನ್ನೆಲ್ಲ ಕಿತ್ತು ತರಿಸಿ, ತನ್ನ ಮಾತುಕತೆಯ ಕೋಣೆಗೆ ನೆಲಹಾಸು ಮಾಡಿಸಿಬಿಟ್ಟ. ತಮ್ಮ ಮನೆಯ ಕಲ್ಲಿನ ಮೇಲೆ ಆತ ನಡೆದಾಡುವುದನ್ನು ಆ ಜನ 50 ವರ್ಷ ಸಹಿಸಿದರು. 1381ರಲ್ಲಿ ನುಗ್ಗಿ ಆ ನೆಲ ಅಗೆದರು. ಕಲ್ಲುಗಳನ್ನು ಒಡೆದು ಚೂರು ಚೂರಾಗಿ ಎಲ್ಲರಿಗೂ ಹಂಚಿದರು, ಚರ್ಚಿನಲ್ಲಿ ಭಾನುವಾರ ಹಂಚುವ ಪ್ರಸಾದದ ರೊಟ್ಟಿಯ ಹಾಗೆ. ಇದನ್ನು ಬರೆದಿಟ್ಟವನು ಅದೇ ಮಠದ ಸನ್ಯಾಸಿ ಥಾಮಸ್ ವಾಲ್ಸಿಂಗ್‌ಹ್ಯಾಮ್. ದಂಗೆ ಅಂದರೆ ಅವನಿಗೆ ಆಗುತ್ತಿರಲಿಲ್ಲ, ಆದರೂ ಬರೆದ. ಅಣ್ಣನಿಗೆ ಇದನ್ನು ಹೇಳಿದಾಗ ಅವನು ಅಂದದ್ದು ಒಂದೇ ಮಾತು, ‘ಅಮ್ಮನ ಬೀಸುವ ಕಲ್ಲು ಇನ್ನೂ ಹಿತ್ತಲಲ್ಲಿದೆ’ ಅಂತ.

ಅಲ್ಲಿ ಮುಂದಾಳು ವಿಲಿಯಂ ಗ್ರಿಂಡ್‌ಕಾಬ್, ಪಟ್ಟಣದ ಅನುಕೂಲಸ್ಥ, ಓದುಬರಹ ಬಲ್ಲವನು. ಹಿಡಿದ ಮೇಲೆ ಜಾಮೀನು ಕೊಟ್ಟು, ಊರಿನವರಿಗೆ ಬುದ್ಧಿ ಹೇಳು, ನಿನ್ನ ತಲೆ ಉಳಿಯುತ್ತದೆ ಅಂದರು. ಅವನು ಊರಿಗೆ ಹೋಗಿ, ನನ್ನ ಬಗ್ಗೆ ಯೋಚಿಸಬೇಡಿ, ಸಿಕ್ಕಿದ್ದನ್ನು ಬಿಡಬೇಡಿ ಅಂದ. ಆಮೇಲೆ ಗಲ್ಲಿಗೆ ಹೋದ.

ಸಂಜೆಮಲ್ಲಿಗೆ:

ದೋಣಿ ನೂಕಿದವಳು ನನ್ನ ತಲೆಯಿಂದ ಹೋಗುತ್ತಿಲ್ಲ. ಇನ್ನೊಂದು ಕೇಳಲೇ? ಲಂಡನ್ನಿನಲ್ಲಿ ಹೊರದೇಶದ ನೇಕಾರರನ್ನು ಕೊಂದರು ಅಂತಲೂ ಎಲ್ಲೋ ಓದಿದ ನೆನಪು. ಅದು ನಿಜವೇ?

ಹಳೇಕಡತ:

ನಿಜ ಮೇಡಂ, ಮುಚ್ಚಿಡುವ ಹಾಗಿಲ್ಲ. ಲಂಡನ್ನಿನ ಬಾಗಿಲು ತೆರೆದದ್ದೇ ಒಳಗಿನವರಿಂದ. ಕೈಕೆಲಸ ಕಲಿಯುವ ಹುಡುಗರು, ಕುಶಲಕರ್ಮಿಗಳು, ಮನೆಯಾಳುಗಳು, ಎಲ್ಲ ಬೀದಿಗೆ ಬಂದರು. ಇವರಿಗೆ ಹಳ್ಳಿಯವರ ಜೀತದ ಕಷ್ಟ ಇರಲಿಲ್ಲ, ತಮ್ಮದೇ ಲೆಕ್ಕಗಳಿದ್ದವು. ಫ್ಲಾಂಡರ್ಸ್‌ನಿಂದ ಬಂದು ಬಟ್ಟೆ ನೇಯುತ್ತಿದ್ದ ಜನರ ಮೇಲೆ ಊರಿನ ನೇಕಾರರಿಗೆ ಮೊದಲಿನಿಂದ ಹಗೆ. ಜೂನ್ 14ರಂದು ವಿಂಟ್ರಿ ಚರ್ಚಿನಲ್ಲಿ ಅಡಗಿದ್ದ ಫ್ಲೆಮಿಷ್ ಜನರನ್ನು ಹೊರಗೆಳೆದು ಬೀದಿಯಲ್ಲೇ ಕಡಿದರು. ‘ಬ್ರೆಡ್ ಅಂಡ್ ಚೀಸ್’ ಅಂತ ಸರಿಯಾಗಿ ಹೇಳಲು ಬಾರದವನ ತಲೆ ಹೋಗುತ್ತಿತ್ತು ಅಂತ ಒಂದು ಲಂಡನ್ ವೃತ್ತಾಂತದಲ್ಲಿದೆ. ದುಡಿದು ತಿನ್ನುವವರು ದುಡಿದು ತಿನ್ನುವವರನ್ನೇ ಕೊಂದರು. ಈ ದಂಗೆಯನ್ನು ಪ್ರೀತಿಸುವ ನಮ್ಮಂಥವರು ಇದನ್ನೂ ಜೊತೆಗೇ ಹೊತ್ತುಕೊಳ್ಳಬೇಕು.

ಎಲ್ಲ ಊರಿನಲ್ಲೂ ಬೇರೆ ಬೇರೆ ಜಗಳ ಈ ದಂಗೆಯೊಳಗೆ ಸೇರಿಕೊಂಡಿತು. ಯಾರ್ಕ್, ಬೆವರ್ಲಿ, ಸ್ಕಾರ್ಬರೋದಲ್ಲಿ ನಡೆದದ್ದು ಪಟ್ಟಣದ ಸಿರಿವಂತ ಬಣಗಳ ಕಿತ್ತಾಟ. ನಾರ್‌ಫೋಕ್‌ನಲ್ಲಿ ಮುಂದಾಳು ಜೆಫ್ರಿ ಲಿಟ್‌ಸ್ಟರ್, ಬಟ್ಟೆಗೆ ಬಣ್ಣ ಹಾಕುವವನು. ಅವನ ಜೊತೆಗಿದ್ದ ರೋಜರ್ ಬೇಕನ್ ನೈಟ್! ಅದೇ ಗುಂಪು ರಾಬರ್ಟ್ ಸಾಲ್ ಎಂಬ ಇನ್ನೊಬ್ಬ ನೈಟ್‌ನನ್ನು ಕೊಂದಿತು. ಈ ಸಾಲ್ ಸಾಮಾನ್ಯರ ಮನೆಯಲ್ಲಿ ಹುಟ್ಟಿ ಯುದ್ಧದಲ್ಲಿ ಮೇಲೆ ಬಂದವನು, ನಮ್ಮ ಜೊತೆ ಬಾ ಅಂದರೆ ಬರಲಿಲ್ಲ. ಮೇಲಿನವನು ಈ ಕಡೆ, ಕೆಳಗಿನಿಂದ ಬಂದವನು ಆ ಕಡೆ. ಹುಟ್ಟು ನೋಡಿ ಯಾರು ಯಾವ ಪಕ್ಷ ಅಂತ ಹೇಳಲು ಬರುವುದಿಲ್ಲ.

ಮೇಷ್ಟ್ರು_ತಿಪಟೂರು:

ಪಾದ್ರಿಗಳನ್ನು ಬಿಟ್ಟಿರಲ್ಲ ಸರ್. ಸಫೋಕ್‌ನ ದಂಗೆ ನಡೆಸಿದ ಜಾನ್ ರಾ ಪಾದ್ರಿ. ಜಾನ್ ಬಾಲ್ ಅಂತೂ ಗೊತ್ತೇ ಇದೆ. ಆದಮ ಅಗೆಯುವಾಗ, ಹವ್ವ ನೂಲುವಾಗ ಧಣಿ ಅಂತ ಯಾರಿದ್ದ ಅಂತ ಬ್ಲ್ಯಾಕ್‌ಹೀತ್ ಬಯಲಿನಲ್ಲಿ ಕೇಳಿದವನು. ಇವರು ಬಡ ಪಾದ್ರಿಗಳು, ದೊಡ್ಡ ಮಠದ ಸೊಗಸು ಕಂಡವರಲ್ಲ. ಪ್ಲೇಗಿನ ಮೇಲೆ ಕೂಲಿಯವರ ಕೂಲಿ ಕಟ್ಟಿಹಾಕಿದ ಹಾಗೆ ಇವರ ಸಂಬಳವನ್ನೂ ಮೇಲಿನವರು ಕಟ್ಟಿಹಾಕಿದ್ದರು.

ಆಗ ಕೈಯಿಂದ ಕೈಗೆ ದಾಟಿದ ಪತ್ರಗಳು ಇಂಗ್ಲಿಷಿನಲ್ಲಿದ್ದವು. ಕೋರ್ಟಿನ ಲ್ಯಾಟಿನ್ನಿನಲ್ಲಲ್ಲ, ದೊರೆಗಳ ಫ್ರೆಂಚಿನಲ್ಲೂ ಅಲ್ಲ. ಬರೆದವರ ಹೆಸರು ಜ್ಯಾಕ್ ಮಿಲ್ಲರ್, ಜ್ಯಾಕ್ ಕಾರ್ಟರ್. ಅಂದರೆ ಗಿರಣಿಯ ಜ್ಯಾಕ, ಗಾಡಿಯ ಜ್ಯಾಕ. ಹೆಸರು ಕಟ್ಟಿಕೊಂಡದ್ದೇ ಇರಬಹುದು, ಕಸುಬಿನ ಹೆಸರನ್ನೇ ಕಟ್ಟಿಕೊಂಡರು ನೋಡಿ. ಅದರಲ್ಲಿ ಒಂದು ಪತ್ರ ನೇಣಿಗೆ ಹೋಗುವವನ ಬಟ್ಟೆಯೊಳಗೆ ಸಿಕ್ಕಿತು ಅಂತ ವಾಲ್ಸಿಂಗ್‌ಹ್ಯಾಮ್ ಬರೆಯುತ್ತಾನೆ. ಕಾಗದ ಸುಟ್ಟವರು ಕಾಗದವನ್ನು ದ್ವೇಷಿಸಲಿಲ್ಲ. ಮೈಲ್ ಎಂಡ್‌ನಲ್ಲಿ 14 ವರ್ಷದ ರಾಜ ರಿಚರ್ಡ್ ಒಪ್ಪಿದಾಗಲೂ ಅವರು ಬರೀ ಬಾಯಿಮಾತಿಗೆ ಬಿಡಲಿಲ್ಲ. ಬರೆದು ಮುದ್ರೆ ಹಾಕಿ ಕೊಡಿ ಅಂದರು. ಗುಮಾಸ್ತರು ಕೂತು ಊರೂರಿಗೆ ಬಿಡುಗಡೆ ಪತ್ರ ಬರೆದರು. ಜೂನ್ 15ರಂದು ಸ್ಮಿತ್‌ಫೀಲ್ಡ್‌ನಲ್ಲಿ ದಂಗೆಯ ಮುಖ್ಯ ನಾಯಕ ವ್ಯಾಟ್ ಟೈಲರ್ ಸತ್ತ. ಜುಲೈ 2ಕ್ಕೆ ರಾಜ ಆ ಪತ್ರಗಳನ್ನೆಲ್ಲ ರದ್ದು ಮಾಡಿದ.

ಗದ್ದೆಬದು:

ಟೈಲರ್ ಅಂದರೆ ಹೆಂಚು ಹೊದಿಸುವವನು, ಬೇಕರ್ ಅಂದರೆ ಬ್ರೆಡ್ ಮಾಡುವವನು ಅಂತ ಹೆಸರು ನೋಡಿಯೇ ಲೆಕ್ಕ ಹಾಕಬಹುದಲ್ಲ ಸರ್? ಅಷ್ಟು ಕಷ್ಟ ಯಾಕೆ?

ಹಳೇಕಡತ:

ಅಲ್ಲೇ ಎಡವುತ್ತೇವೆ. ಅಷ್ಟರಲ್ಲಿ ಅಂಥ ಹೆಸರುಗಳು ಅಪ್ಪನಿಂದ ಮಗನಿಗೆ ಇಳಿಯಲು ಶುರುವಾಗಿದ್ದವು. ಬೇಕರ್ ಅನ್ನುವವನು ಹೊಲ ಉಳುತ್ತಿರಬಹುದು. 1381ರ ಕೋರ್ಟು ಬರಹದಲ್ಲಿ ಬಹಳ ಕಡೆ ಹೆಸರು, ಊರು, ಅಪರಾಧ, ಇಷ್ಟೇ ಇರುತ್ತದೆ. ಕಸುಬು ಬರೆಯಲೇಬೇಕು ಅನ್ನುವ ನಿಯಮ ಆಗ ಇರಲಿಲ್ಲ. 1381ರ ಕೊನೆಯಲ್ಲಿ ಪಾರ್ಲಿಮೆಂಟು ಕ್ಷಮೆ ಘೋಷಿಸಿ 287 ಜನರನ್ನು ಮಾತ್ರ ಹೊರಗಿಟ್ಟಿತು. ಆ ಪಟ್ಟಿಯ ಎಷ್ಟೋ ಹೆಸರುಗಳ ಹಿಂದೆ ಮನುಷ್ಯ ಯಾರು ಅಂತ ಹುಡುಕುವುದಕ್ಕೇ ಒಬ್ಬರ ಆಯುಷ್ಯ ಬೇಕು. ಇತ್ತೀಚೆಗೆ ಅಲ್ಲಿನ ವಿಶ್ವವಿದ್ಯಾಲಯದವರು ಕೋರ್ಟು ದಾಖಲೆ, ಊರ ಕಡತ, ತೆರಿಗೆ ಪಟ್ಟಿ, ಸೈನಿಕರ ಪಟ್ಟಿ ಎಲ್ಲ ಕಂಪ್ಯೂಟರಿಗೆ ಹಾಕಿ ಒಂದೇ ಹೆಸರನ್ನು ನಾಲ್ಕು ಕಡೆ ಹೊಂದಿಸಿ ನೋಡುತ್ತಿದ್ದಾರೆ.

1413ರಲ್ಲಿ ಒಂದು ಕಾನೂನು ಬಂತು. ಕೋರ್ಟಿನಲ್ಲಿ ಆರೋಪಿಯ ಹೆಸರಿನ ಮುಂದೆ ಅವನ ಅಂತಸ್ತು ಅಥವಾ ಕಸುಬು, ಊರು ಬರೆಯಲೇಬೇಕು. ಆದ್ದರಿಂದ 1450ರಲ್ಲಿ ಅದೇ ಕೆಂಟ್ ಮತ್ತೆ ಜ್ಯಾಕ್ ಕೇಡ್‌ನ ಹಿಂದೆ ಎದ್ದಾಗ ಚಿತ್ರ ಬೇರೆಯೇ ಆಗುತ್ತದೆ. ಕ್ಷಮಾಪಣೆ ಪಡೆದವರ ಉದ್ದದ ಪಟ್ಟಿ ಉಳಿದಿದೆ. ಹೆಸರಿನ ಪಕ್ಕದಲ್ಲೇ ಜಂಟಲ್‌ಮನ್, ಯೋಮನ್ (ಅನುಕೂಲಸ್ಥ ರೈತ), ಸಣ್ಣ ರೈತ, ಕಟುಕ, ದರ್ಜಿ, ಕೂಲಿ ಅಂತ ಬರೆದಿದೆ. ಅದನ್ನು ಓದುತ್ತಾ ಹೋದರೆ ಊರೂರಿನ ಸಂತೆಯಲ್ಲಿ ನಡೆದ ಹಾಗಾಗುತ್ತದೆ. ಗದ್ದೆಬದು ಅವರೇ, ನೀವು ಕೇಳಿದ ಕೂಲಿಯವನು ಇಲ್ಲಿ ಹೆಸರು ಸಮೇತ ಸಿಗುತ್ತಾನೆ. ಎಷ್ಟೋ ಕಡೆ ಸಾಲು ಶುರುವಾಗುವುದು ಆ ಭಾಗದ ಕಾನ್‌ಸ್ಟೆಬಲ್ ಹೆಸರಿನಿಂದ. ಆಮೇಲೆ ಊರಿನವರು ಒಬ್ಬೊಬ್ಬರಾಗಿ ಬರುತ್ತಾರೆ. ಕೊನೆಗೆ, ಇನ್ನುಳಿದ ಎಲ್ಲರೂ.